ಮನೆ ನಾಯಿ ಗಬ್ಬವಾಗಿದೆ. ಮರಿ ಮಾರುವುದಕ್ಕೆ ಲೈಸೆನ್ಸ್ ಬೇಕಾ? 30 ದಿನಕ್ಕೇ ಕೊಡಬಹುದಾ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ಮನೆಯಲ್ಲಿ ಎರಡೂಕಾಲು ವರ್ಷದ ಹೆಣ್ಣು ಲ್ಯಾಬ್ರಡಾರ್ ಇದೆ, ಹೆಸರು ಚಿನ್ನಿ. ಹೋದ ತಿಂಗಳು ಬೆದೆಗೆ ಬಂದಿದ್ದಳು. ನಾವು ಹರಿಹರಕ್ಕೆ ಮದುವೆಗೆ ಹೋಗಿದ್ದೆವು, ಮನೆಯಲ್ಲಿ ಅತ್ತೆ ಒಬ್ಬರೇ. ಹಿಂದಿನ ಬೀದಿಯವರ ಗಂಡು ಲ್ಯಾಬ್ ಕಾಂಪೌಂಡ್ ಹಾರಿ ಬಂದುಬಿಟ್ಟಿದೆ. ನಿನ್ನೆ ಸ್ಕ್ಯಾನ್ ಆಯಿತು. ಗಬ್ಬ ನಿಂತಿದೆ, 35 ದಿನದ ಹತ್ತಿರ ಅಂದರು ಡಾಕ್ಟರ್.

ಸುದ್ದಿ ಹೊರಗೆ ಬಿದ್ದದ್ದೇ ತಡ, ಫೋನ್ ಶುರುವಾಗಿದೆ. ಒಬ್ಬರು ಮರಿ ವ್ಯಾಪಾರ ಮಾಡುವವರಂತೆ. ‘ಎಷ್ಟೇ ಮರಿ ಆಗಲಿ ಒಟ್ಟಿಗೆ ತಗೋತೀನಿ, ಒಂದಕ್ಕೆ 5 ಸಾವಿರ. ಆದರೆ 30 ದಿನ ತುಂಬಿದ ತಕ್ಷಣ ಕೊಡಬೇಕು, ದೊಡ್ಡದಾದರೆ ಗಿರಾಕಿ ಬರಲ್ಲ’ ಅಂತಾರೆ. ನಮ್ಮವರಿಗೆ ಇದು ಸರಿ ಅನಿಸಿದೆ, ಮನೆಯಲ್ಲಿ ಅಷ್ಟು ಮರಿ ಯಾರು ನೋಡಿಕೊಳ್ಳುವುದು ಅಂತ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಮನೆಯಲ್ಲಿ ಹುಟ್ಟಿದ ಮರಿ ಮಾರುವುದಕ್ಕೂ ಲೈಸೆನ್ಸ್ ಬೇಕು ಅಂತ ಯಾರೋ ಹೇಳಿದರು, ನಿಜವಾ? ಎಷ್ಟು ದಿನಕ್ಕೆ ಕೊಡಬೇಕು? ತಿಳಿದವರು ಹೇಳಿ.

ರಾತ್ರಿಪಾಳಿ:
30 ದಿನಕ್ಕೆ ಮಾತ್ರ ಕೊಡಬೇಡಿ ಅಕ್ಕ. ಉಳಿದದ್ದು ತಿಳಿದವರು ಹೇಳುತ್ತಾರೆ.

ಕಪ್ಪುಕೋಟು:
ಮೇಡಂ, ನಿಮಗೆ ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ ನಾಯಿ ಸಾಕಿ ಮರಿ ಮಾಡಿಸಿ ಮಾರುವವರಿಗೆ ಅಂತಲೇ ನಿಯಮ ತಂದಿದೆ. ಬ್ರೀಡರ್ ಆದವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಶುಲ್ಕ 5,000 ರೂಪಾಯಿ, 2 ವರ್ಷಕ್ಕೆ ನಡೆಯುತ್ತದೆ, ಮೊದಲು ಜಾಗ ಬಂದು ನೋಡುತ್ತಾರೆ. 8 ವಾರ ತುಂಬದ ಮರಿಯನ್ನು ಮಾರುವ ಹಾಗೇ ಇಲ್ಲ. ಅಂದರೆ 56 ದಿನ. ಮಾರುವಾಗ ಮರಿಗೆ ಲಸಿಕೆ, ಜಂತುಹುಳದ ಔಷಧಿ, ಗುರುತಿಗೆ ಚರ್ಮದಡಿ ಇಡುವ ಮೈಕ್ರೋಚಿಪ್ ಆಗಿರಬೇಕು. ಏನು ತಿನ್ನಿಸಬೇಕು, ಯಾವ ಲಸಿಕೆ ಆಗಿದೆ, ಮುಂದಿನದು ಯಾವಾಗ, ನೋಡಿದ ಡಾಕ್ಟರ್ ಯಾರು ಎಲ್ಲವನ್ನೂ ಬರೆದು ಕೊಡಬೇಕು.

ತಾಯಿ ನಾಯಿಗೂ ಲೆಕ್ಕ ಇದೆ. 18 ತಿಂಗಳು ತುಂಬುವ ಮೊದಲು ಮರಿ ಹಾಕಿಸಬಾರದು, 8 ವರ್ಷ ದಾಟಿದ ಮೇಲೂ ಬೇಡ. ಸಾಲಾಗಿ ಎರಡು ಬೆದೆಗೆ ಹಾಕಿಸಬಾರದು. ಇಡೀ ಜೀವಮಾನದಲ್ಲಿ 5 ಸೂಲು ಮೀರಬಾರದು.

ಮುಖ್ಯವಾದ ಮಾತು ಈಗ. ಆ ನಿಯಮದಲ್ಲಿ ಬ್ರೀಡರ್ ಅಂದರೆ ಸಾಕುವವನು ಮಾತ್ರ ಅಲ್ಲ. ಮಧ್ಯದಲ್ಲಿ ತೆಗೆದುಕೊಂಡು ಮಾರುವವನೂ ಅದರಲ್ಲೇ ಬರುತ್ತಾನೆ. ನಿಮಗೆ ಫೋನ್ ಮಾಡಿದವರ ಹತ್ತಿರ ನೋಂದಣಿ ಪತ್ರದ ಫೋಟೋ ಕೇಳಿ ನೋಡಿ.

ತೋಟದಮನೆ:
ವಕೀಲರೇ, ಇದು ಸ್ವಲ್ಪ ಅತಿ ಆಯಿತು. ನಮ್ಮ ತೋಟದಲ್ಲಿ ಅಜ್ಜನ ಕಾಲದಿಂದ ನಾಯಿ ಇವೆ. ಮರಿ ಹಾಕುತ್ತವೆ, ಕಣ್ಣು ಬಿಟ್ಟು ಓಡಾಡಲು ಶುರುವಾದ ಮೇಲೆ ಅಕ್ಕಪಕ್ಕದ ತೋಟದವರು ಬಂದು ಒಂದೊಂದು ಎತ್ತಿಕೊಂಡು ಹೋಗುತ್ತಾರೆ. ಯಾರ ಹತ್ತಿರ ಯಾವ ಪತ್ರ? ಹತ್ತು ಇಪ್ಪತ್ತು ನಾಯಿ ಗೂಡಲ್ಲಿ ಕೂಡಿ ಹಾಕಿ ದುಡ್ಡು ಮಾಡುವವರಿಗೆ ಇರುವ ಕಾನೂನನ್ನು ಹೆಣ್ಣುಮಗಳೊಬ್ಬಳು ಮನೆಯಲ್ಲಿ ಸಾಕಿದ ನಾಯಿಗೆ ಹಚ್ಚಿದರೆ ಹೇಗೆ? ಅವರಾಗಿ ಕ್ರಾಸ್ ಮಾಡಿಸಿದ್ದೂ ಅಲ್ಲವಲ್ಲ.

ಕಪ್ಪುಕೋಟು:
ಸರ್, ತೋಟಕ್ಕೆ ಮರಿ ಕೊಡುವುದು ಬೇರೆ, ತಳಿ ನಾಯಿಯ ಮರಿಗೆ ರೇಟ್ ಕಟ್ಟಿ ಮಾರುವುದು ಬೇರೆ. ಮೇಡಂ ಬೇಕು ಅಂತ ಮರಿ ಮಾಡಿಸಿಲ್ಲ, ಒಪ್ಪುತ್ತೇನೆ. ಒಂದು ಸಲ ಆಕಸ್ಮಿಕವಾಗಿ ಹುಟ್ಟಿದ ಮರಿಯನ್ನು ಸಾಕುವವರಿಗೆ ಪುಕ್ಕಟೆ ಕೊಟ್ಟರೆ ಅವರನ್ನು ಯಾರೂ ಬ್ರೀಡರ್ ಅನ್ನುವುದಿಲ್ಲ. 5 ಸಾವಿರದಂತೆ ದಲ್ಲಾಳಿಗೆ ಸಾಲಾಗಿ ಕೊಟ್ಟರೆ ಆಗ ಮಾತು ಬದಲಾಗುತ್ತದೆ. ದುಡ್ಡು ಬಂತೋ ಇಲ್ಲವೋ, ಬೀದಿಗೆ ಬಿಡುವುದು ಮಾತ್ರ ತಪ್ಪೇ. ಹೊಟ್ಟೆಗಿಲ್ಲದೆ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಹೋಗುವುದು ಅದೇ 1960ರ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಅಪರಾಧ.

ತೋಟದಮನೆ:
ಅದಕ್ಕೆ ದಂಡ ಎಷ್ಟು ಅಂತಲೂ ಹೇಳಿಬಿಡಿ.

ಕಪ್ಪುಕೋಟು:
ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. 1960ರಲ್ಲಿ ಬರೆದ ಅಂಕಿ ಇನ್ನೂ ಹಾಗೇ ಇದೆ. ಹೇಳಲು ನಾಚಿಕೆ ಆಗುತ್ತದೆ. ಆದರೆ ಕೊಲ್ಲುವುದು, ವಿಷ ಹಾಕುವುದು, ಅಂಗ ಊನ ಮಾಡುವುದು ಅಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಬರುತ್ತದೆ, ಅದರಲ್ಲಿ 5 ವರ್ಷದವರೆಗೆ ಜೈಲು ಇದೆ.

ಬೀದಿನಾಯಿ_ಗೆಳತಿ:
50 ರೂಪಾಯಿ! ಒಂದು ಪ್ಲೇಟ್ ಮಸಾಲೆ ದೋಸೆಯೂ ಬರಲ್ಲ ಇವತ್ತು. ಬೆಂಗಳೂರಲ್ಲಿ ನಾವು ವಾರಕ್ಕೊಂದು ತಳಿ ನಾಯಿಯನ್ನು ರಸ್ತೆಯಿಂದ ಎತ್ತುತ್ತೇವೆ. ಮೊಲೆ ನೆಲ ಮುಟ್ಟುವಷ್ಟು ಜೋತುಬಿದ್ದಿರುತ್ತವೆ, ಹಲ್ಲು ಸವೆದಿರುತ್ತದೆ, ಮರಿ ಹಾಕುವ ಶಕ್ತಿ ಮುಗಿದ ಮೇಲೆ ಹೊರಗೆ ದಬ್ಬಿದವು. ಆ ವ್ಯಾಪಾರಿಗೆ ಮರಿ ಕೊಟ್ಟರೆ ಅದರಲ್ಲಿ ಹೆಣ್ಣು ಮರಿಗಳು ಎಲ್ಲಿಗೆ ಹೋಗುತ್ತವೆ ಅಂತ ಒಮ್ಮೆ ಯೋಚಿಸಿ ಅಕ್ಕ.

ಪಶುವೈದ್ಯೆ_ಮಲೆನಾಡು:
ಕಾನೂನು ಅವರು ಹೇಳಿದರು, ನಾನು ಚಿನ್ನಿಯ ವಿಷಯಕ್ಕೆ ಬರುತ್ತೇನೆ. ಗಬ್ಬ 63 ದಿನ, ಎರಡು ದಿನ ಆಚೀಚೆ. ನಿಮಗೆ ಇನ್ನು ನಾಲ್ಕು ವಾರ ಇದೆ. ಈಗಿನಿಂದ ಊಟ ನಿಧಾನವಾಗಿ ಜಾಸ್ತಿ ಮಾಡಿ. ಒಂದೇ ಸಲ ಹೊಟ್ಟೆ ತುಂಬ ಹಾಕಬೇಡಿ, ಮೂರು ನಾಲ್ಕು ಸಲಕ್ಕೆ ಹಂಚಿ. ಪಕ್ಕದ ಮನೆಯವರು ಹೇಳಿದರು ಅಂತ ಕ್ಯಾಲ್ಸಿಯಂ ಮಾತ್ರೆ ಕೊಡಬೇಡಿ. ಗಬ್ಬದಲ್ಲಿ ಸುಮ್ನೆ ಕ್ಯಾಲ್ಸಿಯಂ ಕೊಟ್ಟರೆ ಮರಿ ಹಾಕಿದ ಮೇಲೆ ಮೈಯಲ್ಲಿ ಕ್ಯಾಲ್ಸಿಯಂ ಇಳಿದು ನಡುಕ ಬರುವ ಅಪಾಯ ಜಾಸ್ತಿ.

55 ದಿನ ದಾಟಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿ. ಎಷ್ಟು ಮರಿ ಅಂತ ಗೊತ್ತಿದ್ದರೆ ಒಳಗೆ ಇನ್ನೂ ಒಂದು ಉಳಿದಿದೆಯಾ ಅನ್ನುವ ಗೊಂದಲ ಆ ರಾತ್ರಿ ಇರುವುದಿಲ್ಲ. ಕೊನೆಯ ವಾರ ದಿನಕ್ಕೆ ಎರಡು ಸಲ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. 101ರ ಆಸುಪಾಸು ಇರುವ ಉಷ್ಣ 99ಕ್ಕಿಂತ ಕೆಳಗೆ ಇಳಿದರೆ ಹೆಚ್ಚುಕಡಿಮೆ 24 ಗಂಟೆಯೊಳಗೆ ನೋವು ಶುರು.

ಅವಳಷ್ಟಕ್ಕೆ ಬಿಡಿ, ದೂರದಿಂದ ನೋಡಿ. ಆದರೆ ಅರ್ಧ ಗಂಟೆ ಜೋರಾಗಿ ತಿಣುಕಿದರೂ ಮರಿ ಬರಲಿಲ್ಲ, ಒಂದು ಮರಿ ಆಗಿ ಎರಡು ಗಂಟೆ ಕಳೆಯಿತು ಇನ್ನೂ ಒಳಗಿದೆ, ಅಥವಾ ಮೊದಲ ಮರಿ ಬರುವ ಮೊದಲೇ ಹಸಿರು ಸ್ರಾವ ಬಂತು ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಯಾವ ಆಸ್ಪತ್ರೆ ತೆರೆದಿರುತ್ತದೆ, ಯಾವ ಡಾಕ್ಟರ್ ಫೋನ್ ಎತ್ತುತ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಎಷ್ಟು ಮರಿಗೆ ಎಷ್ಟು ಮಾಸು ಬಿತ್ತು ಅಂತ ಎಣಿಸಿ.

ಬೆಣ್ಣೆನಗರಿ:
ಡಾಕ್ಟರ್ ಮೇಡಂ, ತುಂಬಾ ಉಪಕಾರ ಆಯಿತು. ಕ್ಯಾಲ್ಸಿಯಂ ಆಗಲೇ ತಂದಿಟ್ಟಿದ್ದೆ, ವಾಪಸ್ ಕೊಡುತ್ತೇನೆ. ಇನ್ನೊಂದು ಕೇಳಬೇಕಿತ್ತು. ಗಂಡು ನಾಯಿಯ ಮನೆಯವರು ಈಗ ‘ನಮ್ಮ ನಾಯಿ ಪಾಲಿಗೆ ಒಂದು ಮರಿ ಬರಬೇಕು, ನಾವು ಆರಿಸಿದ್ದು’ ಅನ್ನುತ್ತಿದ್ದಾರೆ. ಕೊಡಲೇಬೇಕಾ? ಮತ್ತೆ ಅತ್ತೆ ಹೇಳುತ್ತಾರೆ, ಹೆಣ್ಣು ನಾಯಿ ಒಂದು ಸಲವಾದರೂ ಮರಿ ಹಾಕಿದರೆ ಆರೋಗ್ಯ ಅಂತ. ಹೌದಾ?

ಕಪ್ಪುಕೋಟು:
ಕ್ರಾಸ್ ಮಾಡಿಸುವ ಮೊದಲು ಮಾತಾಗಿದ್ದರೆ ಬೇರೆ. ಇಲ್ಲಿ ಅವರ ನಾಯಿ ಕಾಂಪೌಂಡ್ ಹಾರಿ ಬಂದಿದೆ. ಯಾವ ಮಾತೂ ಆಗಿಲ್ಲ ಅಂದಮೇಲೆ ಪಾಲು ಎಲ್ಲಿಂದ ಬಂತು? ಸಾಕುವ ಮನಸ್ಸಿದ್ದರೆ ಕೊಡಿ, ಆದರೆ ಅವರಿಗೂ 8 ವಾರ ಆದ ಮೇಲೆಯೇ.

ಪಶುವೈದ್ಯೆ_ಮಲೆನಾಡು:
ಅತ್ತೆಯವರ ಮಾತು ಎಲ್ಲ ಊರಲ್ಲೂ ಕೇಳುತ್ತೇನೆ, ಅದು ಸರಿಯಲ್ಲ. ಮರಿ ಹಾಕಿದ್ದರಿಂದ ನಾಯಿಗೆ ಯಾವ ಲಾಭವೂ ಇಲ್ಲ. ಸಂತಾನಹರಣ ಆಪರೇಷನ್ ಆಗದ ಹೆಣ್ಣು ನಾಯಿಗಳಲ್ಲಿ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ, ಮೊಲೆಯಲ್ಲಿ ಗಂಟು ಬರುವ ಅಪಾಯ ಜಾಸ್ತಿ. ಎರಡನ್ನೂ ನಾನು ಮೇಜಿನ ಮೇಲೆ ನೋಡುತ್ತಲೇ ಇರುತ್ತೇನೆ. ಮರಿಗಳು ಹಾಲು ಬಿಟ್ಟು, ಚಿನ್ನಿ ಸುಧಾರಿಸಿಕೊಂಡ ಮೇಲೆ ಆಪರೇಷನ್ ಮಾಡಿಸಿಬಿಡಿ.

ಚಾಮುಂಡಿಬೆಟ್ಟ:
30 ದಿನದ ಮರಿ ತಂದವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ, ಮೈಸೂರಿನಲ್ಲಿ. ಅಂಗಡಿಯವನು ಎರಡು ತಿಂಗಳ ಬೀಗಲ್ ಅಂದ. ಲಸಿಕೆ ಕಾರ್ಡ್ ಕೊಟ್ಟ. ಅದರಲ್ಲಿ ತಾರೀಕು ಇತ್ತು, ಡಾಕ್ಟರ್ ಸಹಿ ಇರಲಿಲ್ಲ, ನಾನು ಗಮನಿಸಲಿಲ್ಲ. ಮನೆಗೆ ತಂದ ಮಾರನೇ ದಿನ ಡಾಕ್ಟರ್ ಬಾಯಿ ತೆರೆದು ದವಡೆ ಹಲ್ಲು ನೋಡಿ ‘ಇದಕ್ಕೆ ಐದು ವಾರ ಆಗಿದ್ದರೆ ಹೆಚ್ಚು’ ಅಂದರು.

ನಾಲ್ಕನೇ ದಿನ ಬೆಳಿಗ್ಗೆ ಎದ್ದಾಗ ಅಡುಗೆಮನೆ ಬಾಗಿಲ ಹತ್ತಿರ ಮಲಗಿತ್ತು. ರಾತ್ರಿ ಹಾಕಿದ ಅನ್ನ ಹಾಗೇ ಇತ್ತು. ಮೊದಲು ನೊರೆ ನೊರೆ ವಾಂತಿ, ಆಮೇಲೆ ರಕ್ತದ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಪಾರ್ವೋ, ಮರಿಗಳಿಗೆ ಬರುವ ವೈರಸ್ ಕಾಯಿಲೆ. ಮೂರು ದಿನ ಡ್ರಿಪ್ ಹಾಕಿಸಿದೆವು, ಕಾಲು ಎಷ್ಟು ಸಣ್ಣ ಅಂದರೆ ಸೂಜಿ ನಿಲ್ಲಿಸುವುದಕ್ಕೇ ಕಾಂಪೌಂಡರ್ ಒದ್ದಾಡಿದರು. ಮಗಳು ತನ್ನ ಸ್ಕೂಲ್ ಸ್ವೆಟರ್ ಹೊದಿಸಿದ್ದಳು. ಉಳಿಯಲಿಲ್ಲ. ಆ ಸ್ವೆಟರ್ ಸುಡಬೇಕಾಯಿತು.

ಅಂಗಡಿಯವನು ‘ನಿಮ್ಮ ಮನೆಯಲ್ಲಿ ಬಂದದ್ದು, ಬೇಕಾದರೆ ಇನ್ನೊಂದು ಮರಿ ಅರ್ಧ ರೇಟಿಗೆ ಕೊಡ್ತೀನಿ’ ಅಂದ. ಆ ಮಾತಿಗೆ ನಾನು ಬಿಡಲಿಲ್ಲ.

ರಾತ್ರಿಪಾಳಿ:
ಓದಿ ಹೊಟ್ಟೆ ಕಿವುಚಿದ ಹಾಗಾಯಿತು ಅಕ್ಕ. ಏನು ಮಾಡಿದಿರಿ ಆಮೇಲೆ?

ಚಾಮುಂಡಿಬೆಟ್ಟ:
ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆ. ವಕೀಲರನ್ನು ಇಟ್ಟಿರಲಿಲ್ಲ. ದುಡ್ಡು ಹಾಕಿದ ರಸೀದಿ, ‘ಎರಡು ತಿಂಗಳ ಮರಿ’ ಅಂತ ಅವನೇ ಕಳಿಸಿದ್ದ ವಾಟ್ಸಾಪ್, ಆ ಕಾರ್ಡ್, ವಯಸ್ಸಿನ ಬಗ್ಗೆ ಡಾಕ್ಟರ್ ಬರೆದುಕೊಟ್ಟ ಚೀಟಿ, ಇಷ್ಟೇ ಇದ್ದದ್ದು. ನೋಟಿಸ್ ಹೋದ ಮೇಲೆ ಮರಿಯ ದುಡ್ಡೂ ಆಸ್ಪತ್ರೆ ಬಿಲ್ಲೂ ಕೊಟ್ಟ. ನಮಗೆ ಬೇಕಿದ್ದದ್ದು ಅದಲ್ಲ, ಆದರೂ ಸುಮ್ಮನೆ ಇದ್ದಿದ್ದರೆ ಇನ್ನೂ ಬೇಸರ ಆಗುತ್ತಿತ್ತು.

ಕಪ್ಪುಕೋಟು:
ಸರಿಯಾದ ಕೆಲಸ ಮಾಡಿದಿರಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರುವ ಊರಿನಲ್ಲೇ ದೂರು ಹಾಕಬಹುದು, ಮಾರಿದವನ ಊರಿಗೆ ಅಲೆಯಬೇಕಿಲ್ಲ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಅದಕ್ಕೇ ಮರಿ ಕೊಳ್ಳುವಾಗ ನಗದು ಕೊಡಬೇಡಿ, ಚೀಟಿ ಇಲ್ಲದೆ ತರಬೇಡಿ.

ಬೆಕ್ಕಿನಮನೆ:
ಎಲ್ಲರೂ ನಾಯಿ ನಾಯಿ ಅನ್ನುತ್ತಿದ್ದೀರಿ. ಬೆಕ್ಕಿಗೆ ಏನು ಕಾನೂನು? ಮಂಗಳೂರಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಬ್ಬರು ನಾಲ್ಕು ಪರ್ಷಿಯನ್ ಬೆಕ್ಕು ಇಟ್ಟುಕೊಂಡು ಸೂಲಿನ ಮೇಲೆ ಸೂಲು ಮರಿ ಮಾಡಿಸುತ್ತಾರೆ. ಕೂದಲು ಬಾಚುವುದಿಲ್ಲ. ಒಂದರ ಹೊಟ್ಟೆ ಕೆಳಗೆ ಕೂದಲು ಚಾಪೆ ಹಾಗೆ ಗಂಟುಗಟ್ಟಿತ್ತು, ಕತ್ತರಿಸಿದರೆ ಒಳಗೆ ಚರ್ಮ ಕೆಂಪಗೆ ಹಸಿಯಾಗಿತ್ತು.

ಕಪ್ಪುಕೋಟು:
2017ರದ್ದು ನಾಯಿಗೆ ಮಾತ್ರ. ಬೆಕ್ಕಿನ ಬ್ರೀಡರ್‌ಗೆ ಅಂತ ಬೇರೆ ಅಂಥ ನಿಯಮ ಬಂದಿಲ್ಲ, ದೊಡ್ಡ ಕೊರತೆ ಅದು. ಆದರೆ 2018ರಲ್ಲಿ ಬಂದ ಪೆಟ್ ಶಾಪ್ ನಿಯಮದಲ್ಲಿ ಬೆಕ್ಕು, ಮೊಲ, ಗಿನಿಪಿಗ್, ಹಕ್ಕಿ ಎಲ್ಲ ಬರುತ್ತವೆ. ಅಂಗಡಿಗೆ ನೋಂದಣಿ ಬೇಕು, ತಾಯಿ ಹಾಲು ಬಿಡದ ಮರಿ ಮಾರುವಂತಿಲ್ಲ, 18 ವರ್ಷ ತುಂಬದವರಿಗೂ ಮಾರುವಂತಿಲ್ಲ. ನೀವು ಹೇಳಿದ ಆ ಚರ್ಮದ ಕಥೆಗೆ 1960ರ ಕಾಯ್ದೆಯೇ ಸಾಕು, ಅದು ಎಲ್ಲ ಪ್ರಾಣಿಗೂ ಅನ್ವಯ. ಫೋಟೋ ತೆಗೆದು ದೂರು ಕೊಡಿ.

ಪಶುವೈದ್ಯೆ_ಮಲೆನಾಡು:
ಬೆಕ್ಕಿನಲ್ಲಿ ಒಂದು ವಿಷಯ ಜನರಿಗೆ ಗೊತ್ತಿರುವುದಿಲ್ಲ. ನಾಲ್ಕೈದು ತಿಂಗಳ ಹೆಣ್ಣು ಬೆಕ್ಕೇ ಗಬ್ಬವಾಗಬಹುದು. ಮರಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಗಬ್ಬ ನಿಲ್ಲಬಹುದು. ಅದಕ್ಕೇ ಸೂಲಿನ ಮೇಲೆ ಸೂಲು. ತಾಯಿ ಎಲುಬು ಚರ್ಮ ಆಗಿರುತ್ತದೆ. ಮರಿಗೆ 8 ವಾರ ಅನ್ನುವುದೂ ಕಡಿಮೆಯೇ, 12 ವಾರ ತಾಯಿ ಜೊತೆ ಬಿಟ್ಟರೆ ಕಚ್ಚುವುದು, ಪರಚುವುದು ಕಡಿಮೆ.

ಘಟಪ್ರಭಾ_ದಂಡೆ:
ನಮ್ಮ ಕಡೆ ಮಾತು ಹೇಳುತ್ತೇನೆ, ಸ್ವಲ್ಪ ಬೇರೆ ದಾರಿ ಹಿಡಿದರೆ ಕ್ಷಮಿಸಿ. ಮುಧೋಳ ನಾಯಿ ಊರಿನವರು ನಾವು. 2005ರಲ್ಲಿ ಅಂಚೆ ಚೀಟಿಯಲ್ಲೇ ಬಂದ ತಳಿ. ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಸೈನ್ಯಕ್ಕೂ ಮರಿ ಹೋದ ಮೇಲೆ ಬೇಡಿಕೆ ಏರಿತು. ಒಳ್ಳೆಯದೇ, ಎಷ್ಟೋ ಮನೆಗಳಿಗೆ ಅದೇ ಆದಾಯ. ಆದರೆ ಬೇಡಿಕೆ ಹೆಚ್ಚಾದ ಹಾಗೆ ಬೇರೆ ನಾಯಿ ಬೆರೆಸಿ ಮುಧೋಳ ಅಂತ ಮಾರುವವರೂ ಹೆಚ್ಚಾದರು. ಅಣ್ಣ ತಂಗಿ ನಾಯಿಗಳನ್ನೇ ಕೂಡಿಸುವವರೂ ಇದ್ದಾರೆ. ಇನ್ನೊಂದು ದುಃಖ, ಓಡುವ ನಾಯಿಯನ್ನು ಕೊಂಡು ಎರಡು ರೂಮಿನ ಫ್ಲಾಟಿನಲ್ಲಿ ಕಟ್ಟಿ ಹಾಕುತ್ತಾರೆ. ಮರಿ ಕೇಳಲು ಬಂದವರಿಗೆ ಅಪ್ಪ ಮೊದಲು ಕೇಳುವುದು ‘ಓಡಿಸಲು ಎಲ್ಲಿ ಜಾಗ ಐತಿ?’ ಅಂತ. ಉತ್ತರ ಸರಿ ಬರದಿದ್ದರೆ ಚಹಾ ಕುಡಿಸಿ ಕಳಿಸಿಬಿಡುತ್ತಾರೆ.

ತೋಟದಮನೆ:
ನಿಮ್ಮ ಅಪ್ಪನ ಹಾಗೆ ಇದ್ದರೆ ಯಾವ ಕಾನೂನೂ ಬೇಡ ಬಿಡಿ. ಅಣ್ಣ ತಂಗಿ ಕೂಡಿಸುವುದು ಕೂಡ ನಿಯಮದಲ್ಲಿ ಬೇಡ ಅಂತ ಇದೆಯಾ ವಕೀಲರೇ?

ಕಪ್ಪುಕೋಟು:
ಇದೆ. ಅಪ್ಪ ಮಗಳು, ತಾಯಿ ಮಗ, ಅಣ್ಣ ತಂಗಿ, ಅಜ್ಜ ಮೊಮ್ಮಗಳು ಯಾವುದೂ ಬೇಡ.

ರಾತ್ರಿಪಾಳಿ:
ಕೆಲವು ತಳಿಗಳನ್ನೇ ನಿಷೇಧ ಮಾಡಿದ್ದರಲ್ಲ, ರಾಟ್‌ವೀಲರ್, ಪಿಟ್‌ಬುಲ್ ಎಲ್ಲ? ನಮ್ಮ ಬೀದಿಯಲ್ಲಿ ಇನ್ನೂ ಮಾರುತ್ತಾರೆ.

ಕಪ್ಪುಕೋಟು:
ಅದು 2024ರ ಮಾರ್ಚ್‌ನ ಕೇಂದ್ರದ ಸುತ್ತೋಲೆ, 23 ತಳಿಗಳ ಮೇಲೆ. ಮುಂದಿನ ತಿಂಗಳೇ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ತಳಿಯ ಚರ್ಚೆಗೆ ಬೇರೆ ಥ್ರೆಡ್ ಮಾಡೋಣ, ಇಲ್ಲಿ ಚಿನ್ನಿ ವಿಷಯ ಮುಳುಗಿಹೋಗುತ್ತದೆ.

ಬೆಣ್ಣೆನಗರಿ:
ಎಲ್ಲರಿಗೂ ಒಂದು ಸುದ್ದಿ. ಹೋದ ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಶುರುವಾಗಿ ಬೆಳಗಿನ ಜಾವ ನಾಲ್ಕಕ್ಕೆ ಮುಗಿಯಿತು. 8 ಮರಿ. ಎಕ್ಸ್‌ರೇಯಲ್ಲೂ ಎಂಟೇ ಕಂಡಿತ್ತು. ಥರ್ಮಾಮೀಟರ್ ಮಧ್ಯಾಹ್ನವೇ 98.6 ತೋರಿಸಿತ್ತು, ಹಾಗಾಗಿ ನಮ್ಮವರು ರಾತ್ರಿ ಪಾಳಿಗೆ ರಜೆ ಹಾಕಿ ಜೊತೆಗೇ ಕೂತಿದ್ದರು. ಏಳನೆಯದು ಉಸಿರಾಡದೆ ಬಂತು. ಟವೆಲ್‌ನಿಂದ ಬೆನ್ನು ಉಜ್ಜಿ ಉಜ್ಜಿ ಅವರೇ ಉಸಿರು ಬರಿಸಿದರು. ಬಂದಾಗ ಇಲಿಯ ಹಾಗೆ ಕಿರುಚಿತು.

ಆದರೆ ಅತಿ ಚಿಕ್ಕದು ಮೂರನೇ ದಿನ ಹೋಯಿತು. ದಿನಾ ಬೆಳಿಗ್ಗೆ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತಿದ್ದೆ. ಗುರುತಿಗೆ ಒಂದೊಂದಕ್ಕೂ ಬೇರೆ ಬಣ್ಣದ ಉಲ್ಲನ್ ದಾರ. ಉಳಿದವು ದಿನಾ ಏರುತ್ತಿದ್ದವು, ಹಳದಿ ದಾರದ್ದು ಮಾತ್ರ 270 ಗ್ರಾಂನಿಂದ 250ಕ್ಕೆ ಇಳಿಯಿತು. ಡಾಕ್ಟರ್ ಹತ್ತಿರ ಓಡಿದೆವು, ಸಿರಿಂಜ್‌ನಲ್ಲಿ ಹಾಲು ಕೊಟ್ಟೆವು, ಬಲ್ಬ್ ಕೆಳಗೆ ಇಟ್ಟೆವು. ಆಗಲಿಲ್ಲ. ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡಿದೆವು. ಚಿನ್ನಿ ಎರಡು ದಿನ ಅಲ್ಲಿಗೇ ಹೋಗಿ ಮೂಸುತ್ತಿದ್ದಳು.

ಪಶುವೈದ್ಯೆ_ಮಲೆನಾಡು:
ನೀವು ಮಾಡಬೇಕಾದ್ದೆಲ್ಲ ಮಾಡಿದ್ದೀರಿ ತಾಯಿ. ಉಳಿದ ಏಳಕ್ಕೆ ಎರಡು ವಾರ ತುಂಬಿದಾಗ ಜಂತುಹುಳದ ಔಷಧಿ, ಆಮೇಲೆ ಎರಡು ವಾರಕ್ಕೊಮ್ಮೆ. ಹಸುವಿನ ಹಾಲು ಬೇಡ, ಭೇದಿ ಆಗುತ್ತದೆ. ನಾಲ್ಕನೇ ವಾರದಿಂದ ನೆನೆಸಿದ ಮರಿ ಆಹಾರ ಚೂರು ಚೂರು. 6ರಿಂದ 8 ವಾರದೊಳಗೆ ಮೊದಲ ಲಸಿಕೆ, ಆಮೇಲೆ 16 ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ. ಹುಚ್ಚುನಾಯಿ ರೋಗದ್ದು ಮೂರು ತಿಂಗಳಿಗೆ. ಮೊದಲ ಒಂದು ತಿಂಗಳು ಚಿನ್ನಿಗೆ ನಡುಕ, ತುಂಬಾ ಏದುಸಿರು, ಕಾಲು ಸೆಟೆದ ಹಾಗೆ ನಡಿಗೆ ಕಂಡರೆ ಮರಿಗಳನ್ನು ಹಾಲಿನಿಂದ ದೂರ ಇಟ್ಟು ನೇರ ಆಸ್ಪತ್ರೆಗೆ.

ಬೀದಿನಾಯಿ_ಗೆಳತಿ:
ವ್ಯಾಪಾರಿಗೆ ಏನು ಹೇಳಿದಿರಿ?

ಬೆಣ್ಣೆನಗರಿ:
ನೋಂದಣಿ ಪತ್ರದ ಫೋಟೋ ಕಳಿಸಿ ಅಂದೆ. ಅವತ್ತಿನಿಂದ ಫೋನ್ ಇಲ್ಲ. ನಮ್ಮವರೇ ಈಗ ಯಾರಿಗೂ ಮಾರುವುದು ಬೇಡ ಅನ್ನುತ್ತಿದ್ದಾರೆ. ಸಾಕುವವರಿಗೆ ಸುಮ್ನೆ ಕೊಡೋಣ ಅಂತ ಮಾತಾಗಿದೆ.

ತೋಟದಮನೆ:
ಒಂದು ಮಾತು ಹೇಳಲಾ ತಂಗಿ? ಪುಕ್ಕಟೆ ಸಿಕ್ಕಿದ್ದಕ್ಕೆ ಜನ ಬೆಲೆ ಕೊಡಲ್ಲ. ತಳಿ ಮರಿ ಪುಕ್ಕಟೆ ಅಂದರೆ ತೆಗೆದುಕೊಂಡು ಹೋಗಿ ನಾಳೆ ಬೇರೆಯವರಿಗೆ ಮಾರುತ್ತಾರೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಬೀದಿನಾಯಿ_ಗೆಳತಿ:
ಅವರ ಮಾತು ನಿಜ. ನಾವು ಹೀಗೆ ಮಾಡುತ್ತೇವೆ. ನೀವು ದುಡ್ಡು ಮುಟ್ಟಬೇಡಿ. ಮರಿ ಬೇಕು ಅನ್ನುವವರು ಮುಂದಿನ ಲಸಿಕೆಗಳ ದುಡ್ಡನ್ನು ನೇರವಾಗಿ ಡಾಕ್ಟರ್ ಹತ್ತಿರ ಕಟ್ಟಲಿ. ಮೊದಲು ಅವರ ಮನೆ ನೋಡಿ ಬನ್ನಿ. ಮನೆಯವರೆಲ್ಲ ಒಪ್ಪಿದ್ದಾರಾ, ಬಾಡಿಗೆ ಮನೆಯಾದರೆ ಮಾಲೀಕರು ಒಪ್ಪಿದ್ದಾರಾ ಕೇಳಿ. ಸಾಕಲು ಆಗದಿದ್ದರೆ ನಿಮಗೇ ವಾಪಸ್ ಕೊಡಬೇಕು, ವಯಸ್ಸಿಗೆ ಬಂದಾಗ ಆಪರೇಷನ್ ಮಾಡಿಸಬೇಕು ಅಂತ ಬರೆಸಿ ಸಹಿ ಹಾಕಿಸಿ. ಮಾರುವ ಯೋಚನೆ ಇದ್ದವರು ಈ ಹಂತದಲ್ಲೇ ಕಾಣೆಯಾಗುತ್ತಾರೆ.

ಕಪ್ಪುಕೋಟು:
ನೋಂದಣಿ ಆದ ಬ್ರೀಡರ್‌ಗೂ ಕೊಟ್ಟ ಮರಿ ಹೇಗಿದೆ ಅಂತ ವರ್ಷಕ್ಕೊಮ್ಮೆಯಾದರೂ ವಿಚಾರಿಸಬೇಕು ಅಂತ ನಿಯಮ ಇದೆ. ನೀವೂ ಒಂದು ವಾಟ್ಸಾಪ್ ಗುಂಪು ಮಾಡಿಬಿಡಿ.

ಬೆಣ್ಣೆನಗರಿ:
ಇವತ್ತಿಗೆ ಮರಿಗಳಿಗೆ 60 ದಿನ. ಐದು ಹೋದವು. ಇಬ್ಬರು ಕಾಗದ ಓದಿ ಸಹಿ ಹಾಕದೆ ಎದ್ದು ಹೋದರು, ಅವರಿಗೆ ಕೊಡಲಿಲ್ಲ. ಹಿಂದಿನ ಬೀದಿಯವರು ಸಹಿ ಹಾಕಿ ಕೆಂಪು ದಾರದ ಗಂಡು ತೆಗೆದುಕೊಂಡರು, ತಮ್ಮ ನಾಯಿಗೂ ಆಪರೇಷನ್ ಮಾಡಿಸುತ್ತೇವೆ ಅಂದಿದ್ದಾರೆ. ಚಿನ್ನಿಗೆ ಮುಂದಿನ ತಿಂಗಳು ತಾರೀಕು ಕೊಟ್ಟಿದ್ದಾರೆ. ಟವೆಲ್‌ನಲ್ಲಿ ಉಜ್ಜಿ ಉಳಿಸಿದ ಏಳನೆಯದನ್ನು ನಮ್ಮವರು ಯಾರಿಗೂ ತೋರಿಸುತ್ತಲೇ ಇಲ್ಲ, ಯಾರಾದರೂ ಬಂದರೆ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಹಾಗಾಗಿ ಅದು ಇಲ್ಲೇ. ಇನ್ನು ನೀಲಿ ದಾರದ ಹೆಣ್ಣು ಒಂದು ಉಳಿದಿದೆ.

ಚಾಮುಂಡಿಬೆಟ್ಟ:
ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ನಾಯಿ ಅನ್ನುವ ಮಾತೇ ಎತ್ತಿಲ್ಲ. ನಿನ್ನೆ ಮಗಳಿಗೆ ಈ ಥ್ರೆಡ್ ಓದಿ ಹೇಳಿದೆ. ನೀಲಿ ದಾರದ್ದನ್ನು ನೋಡಲು ಭಾನುವಾರ ಬರಬಹುದಾ? ಕಾಗದ ಏನಿದೆಯೋ ಕಳಿಸಿ, ಓದಿಕೊಂಡೇ ಬರುತ್ತೇವೆ.

ಬೆಣ್ಣೆನಗರಿ:
ಬನ್ನಿ ಅಕ್ಕ. ಊಟಕ್ಕೆ ಇಲ್ಲೇ ಇರಿ. ಚಿನ್ನಿಯನ್ನೂ ನೋಡಿ. ಲಸಿಕೆ ಕಾರ್ಡ್‌ನಲ್ಲಿ ಡಾಕ್ಟರ್ ಸಹಿ ಇದೆ, ಫೋಟೋ ಈಗಲೇ ಕಳಿಸಿದ್ದೇನೆ.